ಹಾಲಿನ ಅಂಬರೊ ಹೇಳಿದ ಒಂದೇ ಸುಳ್ಳು

ನಮ್ಮ ಬುರಾವ್ ಪೇಟೆಯಲ್ಲಿ ಒಂಟೆ ಹಾಲು ಮಾರುವ ಹೆಂಗಸರು ಒಂದು ಸಾಲಿನ ತುಂಬ ಕೂತಿರುತ್ತಾರೆ. ಕೊಳ್ಳುವವರು ಪಾತ್ರೆ ಚಾಚುವ ಮೊದಲು ಒಂದು ತೊಟ್ಟು ಹಾಲನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟುಕೊಂಡು ನೋಡುತ್ತಾರೆ. ತೊಟ್ಟು ನಿಂತರೆ ಹಾಲು, ಜಾರಿದರೆ ನೀರು. ಅದರಲ್ಲಿ ಮಾರುವವಳಿಗೆ ಅವಮಾನವೂ ಇಲ್ಲ, ಕೊಳ್ಳುವವಳಿಗೆ ಸಂಕೋಚವೂ ಇಲ್ಲ. ಅಂಬರೊಳ ಮುಂದೆ ಮಾತ್ರ ಯಾರೂ ಉಗುರು ಚಾಚುತ್ತಿರಲಿಲ್ಲ. ಗೊತ್ತಿಲ್ಲದ ಯಾವಳಾದರೂ ಚಾಚಿದರೆ ಪಕ್ಕದಲ್ಲಿದ್ದವರೇ, "ಅಯ್ಯೋ, ಅವಳದ್ದೇನು ನೋಡ್ತೀಯೇ? ಅಂಬರೊ ಹಾಲು ಕಣೆ ಅದು" ಎಂದು ನಗುತ್ತಿದ್ದರು.

ನನ್ನ ಚಹಾದ ಒಲೆ ಅವಳ ಡಬ್ಬಗಳಿಂದ ಎರಡು ಮಾರು ದೂರ. ಇಬ್ಬರ ಮನೆಯೂ ಒಂದೇ ಕೇರಿ. ನನಗೆ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು, ಅವಳಿಗೆ ಬಾಯಿಯೇ ಇಲ್ಲ ಎಂದೂ ಗೊತ್ತು. ಅವಳು ಮಾತಾಡಿದ್ದು ಕಡಿಮೆ, ಆಡಿದ ಮಾತು ತಪ್ಪಿದ್ದು ಇಲ್ಲ. ಅವಳ ಅಣ್ಣ ಬಯಲಿನಲ್ಲಿ ಒಂಟೆ ಕಾಯುತ್ತಾನೆ. ಅವನು ಕರೆದ ಹಾಲು ಬೆಳಗಿನ ನಮಾಜು ಮುಗಿಯುವ ಹೊತ್ತಿಗೆ ಲಾರಿಯಲ್ಲಿ ಬರುತ್ತದೆ. ಇವಳು ಹಾಲು ಕೆಡದಿರಲೆಂದು ಜಾಲಿಯ ಕೊಳ್ಳಿ ಹಿಡಿದು ಒಳಗೆಲ್ಲ ಹೊಗೆ ಆಡಿಸಿದ ಡಬ್ಬಕ್ಕೆ ಸುರಿದುಕೊಂಡು ಪೇಟೆಗೆ ಬರುತ್ತಾಳೆ. ಒಮ್ಮೆ ಲಾರಿ ದಾರಿಯಲ್ಲಿ ಕೆಟ್ಟು ಹಾಲು ಅರ್ಧಕ್ಕೆ ಅರ್ಧ ಬಂದಿತ್ತು. ಮದುವೆ ಮನೆಯವರು ಬಂದು, ಒಂದು ಚೊಂಬು ನೀರು ಬೆರೆಸಿದರೆ ನಮ್ಮ ಮಾನ ಉಳಿಯುತ್ತದೆ ಎಂದು ಗೋಗರೆದರು. ಅವಳು ಒಪ್ಪಲಿಲ್ಲ. "ನೀರು ಬೇಕಾದ್ರೆ ಅಲ್ಲಿ ನಲ್ಲಿ ಇದೆ, ನನ್ನ ಡಬ್ಬದಿಂದ ಬೇಡ" ಎಂದಳು. ನನಗೆ ಆಗ ಅವಳ ಮೇಲೆ ಕೋಪವೇ ಬಂದಿತ್ತು, ಆ ಮದುವೆಗೆ ಚಹಾ ಕಾಯಿಸಬೇಕಾದವಳು ನಾನು.

ಮದುವೆಯಾದ ಮೊದಲ ವರ್ಷಗಳಲ್ಲಿ ಅವಳಿಗೆ ಎರಡು ಮಕ್ಕಳು ಹುಟ್ಟುವಾಗಲೇ ಹೋದವು. ನಮ್ಮಲ್ಲಿ ಹೆಣ್ಣುಮಗುವಿನ ಗುಟ್ಟಿನ ಜಾಗವನ್ನು ಏಳೆಂಟು ವರ್ಷಕ್ಕೇ ಕೊಯ್ದು ಹೊಲಿದುಬಿಡುತ್ತಾರೆ. ನಾವು ಅದಕ್ಕೆ ಶುದ್ಧಿ ಎನ್ನುತ್ತೇವೆ. ಅಂಥ ಮೈಯಿಂದ ಮಗು ಹೊರಗೆ ಬರಬೇಕಾದರೆ ಮತ್ತೆ ಕೊಯ್ಯಬೇಕು. ಅಂಬರೊಳನ್ನು ಚಿಕ್ಕಂದಿನಲ್ಲಿ ಬಯಲಿನ ಯಾವಳೋ ತೀರ ಬಿಗಿಯಾಗಿ ಹೊಲಿದಿದ್ದಳು. ಎರಡು ಸಲವೂ ಮಗು ಬಾಗಿಲ ತನಕ ಬಂದು, ದಾರಿ ಇಲ್ಲದೆ, ಉಸಿರು ಕಟ್ಟಿ ಸತ್ತಿತು. ಎರಡು ಸಲವೂ ಪಕ್ಕದಲ್ಲಿದ್ದವಳು ಸೂಲಗಿತ್ತಿ ದಹಬೊ ಅಜ್ಜಿ. ಮೂರನೆಯದು ಬದುಕಿತು. ಹೆಣ್ಣು. ಹಿಬಾಕ್ ಎಂದು ಹೆಸರಿಟ್ಟರು. ಕೂಸು ಕೈಗೆ ಬಂದ ದಿನವೇ ಅಂಬರೊ ಮನಸ್ಸಿನಲ್ಲಿ ಒಂದು ನಿರ್ಧಾರ ಮಾಡಿಕೊಂಡಳು, ಈ ಹುಡುಗಿಯ ಮೈಗೆ ಕತ್ತಿ ತಾಕಿಸುವುದಿಲ್ಲ ಎಂದು. ಆಗ ಯಾರಿಗೂ ಹೇಳಲಿಲ್ಲ, ನನಗೆ ಹೇಳಿದ್ದು ಎಲ್ಲ ಬಯಲಾದ ಮೇಲೆ. ನಮ್ಮ ಕೇರಿಯಲ್ಲಿ ಕೊಯ್ಯದ ಹುಡುಗಿಯನ್ನು ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ಹಾಗೆ. ಹೇಳಿದ್ದರೆ ಹುಚ್ಚಿ ಎನ್ನುತ್ತಿದ್ದರು.

ಅವಳ ಅತ್ತೆ ಎಬ್ಯಾನ್ ಜೊತೆಯಲ್ಲೇ ಇದ್ದಳು. ಎಬ್ಯಾನ್ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನ ಹೊತ್ತು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆಗೆ ಬೆಣ್ಣೆ ಹಚ್ಚುತ್ತಿದ್ದಳು, ತನ್ನ ತಟ್ಟೆಯ ಮೆತ್ತನೆಯ ಮಾಂಸದ ತುಂಡನ್ನು ಅವಳ ಬಾಯಿಗಿಡುತ್ತಿದ್ದಳು. ಅವಳಿಗಿದ್ದುದು ಒಂದೇ ಭಯ. ಶುದ್ಧಿಯಾಗದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ? ಮಗನ ಮನೆಯ ಮೇಲೆ ಊರು ಉಗಿಯುವುದಿಲ್ಲವೇ? ಹಿಬಾಕ್‌ಗೆ ಎಂಟು ತುಂಬುವ ಹೊತ್ತಿಗೆ ಆ ಮನೆಯಲ್ಲಿ ದಿನಾ ಅದೇ ಮಾತಾಯಿತು.

"ಹುಡುಗಿಗೆ ಹಲ್ಲು ಬಿದ್ದು ಹೊಸ ಹಲ್ಲೂ ಬಂತು. ಇನ್ನೂ ಎಷ್ಟು ದಿನ ಹಂಗೇ ಬಿಟ್ಕೊಂಡಿರ್ತೀಯಾ?"

"ಶಾಲೆ ರಜೆ ಬರ್ಲಿ ಅತ್ತೆ."

"ಹೋದ ವರ್ಷ ಕೆಮ್ಮು ಅಂದೆ. ಅದಕ್ಕೂ ಮುಂಚೆ ಬಿಸಿಲು ಅಂದೆ. ಕುಣೀಲಾರದವಳು ನೆಲ ಡೊಂಕು ಅಂದಳಂತೆ. ನಿನಗಾಗಿಲ್ವಾ? ನನಗಾಗಿಲ್ವಾ? ಸತ್ತು ಹೋದ್ವಾ?"

"ನಾನು ಸಾಯ್ಲಿಲ್ಲ ಅತ್ತೆ. ನನ್ನ ಹೊಟ್ಟೇಲಿದ್ದವು ಸತ್ವು."

"ಅದು ಅಲ್ಲಾಹ್ ಬರೆದಿದ್ದು. ಅದಕ್ಕೂ ಇದಕ್ಕೂ ಏನು? ನೋಡು, ಈ ರಜೇಲಿ ಆಗದಿದ್ರೆ ನಾನೇ ಅವಳನ್ನ ಬಯಲಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಯಾರು ಸಿಗ್ತಾರೋ ಅವರ ಕೈಲಿ ಮಾಡಿಸ್ಕೊಂಡು ಬರ್ತೀನಿ."

ಅಂಬರೊಳ ಗಂಡ ಜಾಮಾ ಬರ್ಬೆರಾ ಬಂದರಿನಿಂದ ಅಕ್ಕಿ ಸಕ್ಕರೆ ಹೊರುವ ಲಾರಿಯ ಡ್ರೈವರು. ಅವನನ್ನು ಕೇಳಿದರೆ, "ಹೆಂಗಸರ ವಿಷಯಕ್ಕೆ ನನ್ನ ಯಾಕೆ ಎಳೀತೀರಿ?" ಎಂದು ಎದ್ದು ಹೋಗುತ್ತಿದ್ದ. ನಮ್ಮ ಗಂಡಸರು ಈ ಮಾತನ್ನು ಎಷ್ಟು ಅನುಕೂಲವಾಗಿ ಕಲಿತಿದ್ದಾರೆ ಎಂದು ನನಗೆ ಮೈ ಉರಿಯುತ್ತದೆ. ಯಾರಿಗಾಗಿ ಹೊಲಿಯುವುದು ಎಂದು ಕೇಳಿದರೆ ಗಂಡಸರಿಗಾಗಿ. ಯಾರು ಬೇಡ ಎನ್ನಬೇಕು ಎಂದು ಕೇಳಿದರೆ ಅದು ಹೆಂಗಸರ ವಿಷಯ.

ಅತ್ತೆ ಬಯಲಿನ ಹೆಸರೆತ್ತಿದ ಮೇಲೆ ಅಂಬರೊಗೆ ನಿದ್ದೆ ಹೋಯಿತು. ಒಂದು ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ದಹಬೊ ಅಜ್ಜಿಯ ಮನೆಗೆ ಹೋದಳು. ನಮ್ಮ ಕೇರಿಯ ಹೆರಿಗೆಗಳೆಲ್ಲ ಆ ಅಜ್ಜಿಯ ಕೈಯವು, ಶುದ್ಧಿಗಳೂ ಅವಳ ಕೈಯವೇ. ಅಂಗಳದ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು.

"ಮೊಮ್ಮಗಳದ್ದು ಮಾಡ್ಬೇಕು ಅಂತ ಎಬ್ಯಾನ್ ಹೇಳಿಕಳ್ಸಿದ್ಲು. ಅದಕ್ಕೇ ಬಂದ್ಯಾ?"

"ಅದಕ್ಕೇ ಅಜ್ಜಿ. ನೀವು ಬರ್ಬೇಕು. ಬಂದು, ಏನೂ ಮಾಡದೆ ಹೋಗ್ಬೇಕು."

ಅಜ್ಜಿ ಚಾಚಿದ ಕಾಲನ್ನು ಮಡಚಿಕೊಂಡಳು. ಆಮೇಲೆ, "ಆ ಬಾಗ್ಲು ಹಾಕ್ಕೊಂಡು ಬಾ" ಎಂದಳು. ಅವಳ ಎರಡು ಮಕ್ಕಳನ್ನು ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಕಳಿಸಿದ ಕೈಯಲ್ಲವೇ ಅದು, ಇಲ್ಲ ಎನ್ನಲಾಗಲಿಲ್ಲ. ಇಬ್ಬರೂ ಕುರಾನಿನ ಮೇಲೆ ಕೈಯಿಟ್ಟು, ಸಾಯುವ ತನಕ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಆಣೆ ಮಾಡಿಕೊಂಡರು.

ರಜೆಯ ಮೊದಲ ವಾರ ಆ ಮನೆಯಲ್ಲಿ ಮೇಕೆ ಬಿತ್ತು. ಅದನ್ನು ಕೊಯ್ಯುವಾಗ ಅಂಬರೊ ಒಂದು ಲೋಟ ರಕ್ತವನ್ನು ಸೆರಗಿನಡಿ ಬಚ್ಚಿಟ್ಟುಕೊಂಡಳು. ನಮ್ಮಲ್ಲಿ ಶುದ್ಧಿಯ ಹೊತ್ತಿಗೆ ಅಜ್ಜಿಯಾದವಳು ಹುಡುಗಿಯನ್ನು ಹಿಡಿದುಕೊಳ್ಳುವುದು ಪದ್ಧತಿ. ಎಬ್ಯಾನ್ ತೋಳು ಮಡಚಿ ಒಳಗೆ ಹೊರಟಿದ್ದಳು. ದಹಬೊ ಬಾಗಿಲಲ್ಲೇ ತಡೆದಳು.

"ನಿಮಗೆ ಬಿಪಿ ಇದೆ. ರಕ್ತ ನೋಡಿ ನೀವು ಬಿದ್ರೆ ನಾನು ಯಾರನ್ನ ನೋಡ್ಲಿ? ಹೊರಗೆ ಕೂತು ದುವಾ ಮಾಡಿ."

"ನಾನು ನನ್ನ ಐದು ಹೆಣ್ಣುಮಕ್ಕಳನ್ನ ಹಿಡಿದಿದ್ದೀನಿ ಕಣೇ ದಹಬೊ."

"ಆಗ ನಿಮಗೆ ಹಲ್ಲಿದ್ವು. ಹೊರಗೆ ಕೂತ್ಕೊಳ್ಳಿ."

ಒಳಗೆ ಹಿಬಾಕ್‌ಗೆ, ಏನೂ ಮಾಡುವುದಿಲ್ಲ, ಜೋರಾಗಿ ಅಳು, ಅಷ್ಟೇ ಎಂದು ಕಿವಿಯಲ್ಲಿ ಹೇಳಿದ್ದರು. ಮಗು ನಂಬಲಿಲ್ಲ. ಬ್ಲೇಡಿನ ಚೀಲ ಕಂಡಿದ್ದೇ, ಹೇಳಿಕೊಡಬೇಕಾದ ಅಗತ್ಯವೇ ಇಲ್ಲದ ಹಾಗೆ ಕಿರುಚಿತು. ಆ ಕೂಗು ನನ್ನ ಮನೆಗೂ ಕೇಳಿಸಿತು. ಆಮೇಲೆ ಕೆಂಡದ ಮೇಲೆ ಗಾಯಕ್ಕೆ ಹಚ್ಚುವ ಬೋಳದ ಅಂಟು ಹಾಕಿದರು, ಕೇರಿಗೆಲ್ಲ ಅದರ ಕಹಿ ಹೊಗೆ ಹರಡಿತು. ನಮ್ಮ ಕೇರಿಯಲ್ಲಿ ಬೋಳದ ಹೊಗೆ ಬಂತೆಂದರೆ ಯಾವ ಮನೆಯಲ್ಲಿ ಏನಾಯಿತು ಎಂದು ಕೇಳುವ ಹಾಗೇ ಇಲ್ಲ. ರಕ್ತವಾದ ಬಟ್ಟೆಯನ್ನು ಎಬ್ಯಾನ್ ತಾನೇ ತೊಳೆದಳು. ಸೊಂಟದಿಂದ ಪಾದದವರೆಗೆ ಕಾಲು ಕಟ್ಟಿ ಹುಡುಗಿಯನ್ನು ಚಾಪೆಯ ಮೇಲೆ ಮಲಗಿಸಿದರು.

ಮಧ್ಯಾಹ್ನ ಹೆಂಗಸರು ಬಂದೆವು. ಹುರಿದ ಜೋಳ, ಖರ್ಜೂರ, ಹಲ್ವ, ಚಹಾ. ನಾನೂ ಹೋಗಿದ್ದೆ. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿತ್ತು. ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ಯಾಕೆ ಬರಬೇಕು? ಮನೆ ಅಂಬರೊಳದ್ದು.

ಎಲ್ಲರಿಗಿಂತ ಕೊನೆಯಲ್ಲಿ ಕಿನ್ಸಿ ಬಂದಳು. ಅವಳ ಮನೆಗೂ ಅಂಬರೊಳ ಮನೆಗೂ ನಡುವೆ ಒಂದೇ ಗೋಡೆ. ಅಂಬರೊಗಿಂತ ಚಿಕ್ಕವಳು, ಪುಕ್ಕಲು ಸ್ವಭಾವ, ಸೊಪ್ಪು ಯಾವುದು ಕೊಳ್ಳಬೇಕು ಎಂಬುದಕ್ಕೂ ಪಕ್ಕದ ಮನೆಯವಳನ್ನು ಕೇಳುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ರಾಹೊ ಹಿಬಾಕ್‌ಳ ಓರಗೆಯವಳು, ಒಂದೇ ಬೆಂಚಿನ ಗೆಳತಿ. ಚಿಕ್ಕವಳು ಸಗಲ್, ಇನ್ನೂ ಐದರ ಕೂಸು. ಇದು ಧರ್ಮದಲ್ಲಿ ಕಡ್ಡಾಯವಲ್ಲ ಎಂದು ಮಸೀದಿಯಲ್ಲಿ ಯಾರೋ ಮೌಲವಿ ಹೇಳಿದ್ದನ್ನು ಅವಳ ಗಂಡ ಕೇಳಿಕೊಂಡು ಬಂದು, "ನೀನುಂಟು ನಿನ್ನ ಮಕ್ಕಳುಂಟು, ನಿನ್ನಿಷ್ಟ" ಎಂದಿದ್ದ. ಅಂದಿನಿಂದ ಅವಳು ತೂಗುಯ್ಯಾಲೆಯಲ್ಲಿದ್ದಳು.

ಕಿನ್ಸಿ ಬಂದವಳೇ ಅಂಬರೊಳ ಕೈ ಹಿಡಿದು ಮೂಲೆಗೆ ಕರೆದಳು.

"ಅಕ್ಕ, ನನ್ನ ಮುಖ ನೋಡಿ ಹೇಳು. ನಿಜವಾಗ್ಲೂ ಮಾಡ್ಸಿದ್ಯಾ? ನೀನು ಮಾಡ್ಸಲ್ಲ ಅಂತಲೇ ನಾನು ಅಂದ್ಕೊಂಡಿದ್ದೆ. ನೀನು ಮಾಡ್ಸಿಲ್ಲ ಅಂದ್ರೆ ನಾನೂ ರಾಹೊಗೆ ಮಾಡ್ಸಲ್ಲ. ಇಬ್ರು ಇದ್ರೆ ಧೈರ್ಯ."

ಎಬ್ಯಾನ್ ಬಾಗಿಲಲ್ಲಿ ಕೂತು ಖರ್ಜೂರದ ಬೀಜ ತೆಗೆಯುತ್ತಿದ್ದಳು. ಹಲ್ಲು ಹೋಗಿದ್ದರೂ ಕಿವಿ ಹೋಗಿರಲಿಲ್ಲ. ಅಂಬರೊ ಅತ್ತ ಒಮ್ಮೆ ನೋಡಿದಳು. ಇಲ್ಲ ಎಂದರೆ ಅದೇ ಸಂಜೆ ಹಿಬಾಕ್ ಬಯಲಿನಲ್ಲಿರುತ್ತಿದ್ದಳು.

"ಆಯ್ತು ಕಿನ್ಸಿ. ಮಾಡ್ಸಿದೆ."

"ನೀನೇ ಮಾಡ್ಸಿದ್ಮೇಲೆ ಇನ್ನು ನಂದೇನಿದೆ" ಎಂದು ಕಿನ್ಸಿ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡಳು. ಅವಳ ಮುಖದಲ್ಲಿ ಒಂದು ಹೊರೆ ಇಳಿಸಿದ ಹಾಗಿತ್ತು. ಅನುಮಾನ ಎಷ್ಟು ದಣಿಸುತ್ತದೆ ಎಂದು ಅನುಮಾನ ಪಟ್ಟವರಿಗೇ ಗೊತ್ತು.

ಅದಾಗಿ ಒಂದು ವಾರ. ಅಂಬರೊ ಎಂದಿನಂತೆ ಪೇಟೆಗೆ ಬರುವ ಮೊದಲು ಕಿನ್ಸಿಯ ಬಾಗಿಲಿಗೆ ಹಾಲು ಹಾಕಲು ಹೋದಳು. ಅಂಗಳದಲ್ಲಿ ಕೆಂಡ ಮಾಡಿಟ್ಟಿದ್ದರು. ಒಳಗಿನ ಚಾಪೆಯ ಮೇಲೆ ದಹಬೊ ತನ್ನ ಚೀಲವನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು. ಹೊಸ ಲಂಗ ತೊಟ್ಟ ರಾಹೊ ಕಂಬ ಹಿಡಿದು ಸುತ್ತುತ್ತಾ, "ಹಿಬಾಕ್‌ಗೆ ಕೊಟ್ಟ ಹಾಗೆ ನನಗೂ ಬಳೆ ಕೊಡ್ತೀಯ ಅಲ್ವಾ ಅಮ್ಮ?" ಎನ್ನುತ್ತಿತ್ತು. ಗೆಳತಿ ಅವಳಿಗೂ ಏನನ್ನೂ ಹೇಳಿರಲಿಲ್ಲ, ಅಂಬರೊ ಮಗಳ ಬಾಯಿಯನ್ನು ಅಷ್ಟು ಭದ್ರವಾಗಿ ಮುಚ್ಚಿಸಿದ್ದಳು.

ಕಿನ್ಸಿ ಪಾತ್ರೆ ಹಿಡಿದು ಹೊರಗೆ ಬಂದಳು. "ಇವತ್ತು ರಾಹೊದು ಅಕ್ಕ. ಹಾಲು ಒಂದಿಷ್ಟು ಜಾಸ್ತಿ ಹಾಕು, ಬರೋರಿಗೆಲ್ಲ ಚಹಾ ಮಾಡ್ಬೇಕು."

ಕಿನ್ಸಿಯ ಹೆಗಲಿನಾಚೆ ದಹಬೊ ತಲೆಯೆತ್ತಿ ಅಂಬರೊಳನ್ನೇ ನೋಡಿದಳು. ಬಿಸಿ ತುಪ್ಪ ಬಾಯಿಗಿಟ್ಟುಕೊಂಡವಳು ಉಗುಳಲಾರಳು, ನುಂಗಲಾರಳು. ಅಂಬರೊ ಹಾಲು ಹಾಕಿದಳು, ಒಂದು ಸೌಟು ಹೆಚ್ಚಿಗೇ ಹಾಕಿದಳು. ಡಬ್ಬದ ಮುಚ್ಚಳ ಹಾಕಿ ಪೇಟೆಯ ಕಡೆ ನಡೆದಳು.

ಆ ದಿನ ಅವಳು ಹಾಲನ್ನು ಚೆಲ್ಲುತ್ತಿದ್ದಳು. ಒಬ್ಬಳಿಗೆ ಎರಡು ಸಲ ಹಾಕಿದಳು, ಇನ್ನೊಬ್ಬಳಿಗೆ ಹಾಕಿದೆನೆಂದು ವಾದಿಸಿದಳು. "ಜ್ವರಾನಾ?" ಎಂದು ಕೇಳಿ ಒಂದು ಲೋಟ ಚಹಾ ಕೊಟ್ಟೆ. ಅದು ಅಲ್ಲೇ ಆರಿಹೋಯಿತು. ಮಧ್ಯಾಹ್ನದ ಬಾಂಗು ಇನ್ನೂ ಕೂಗಿರಲಿಲ್ಲ, ಕೇರಿಯ ಕಡೆಯಿಂದ ಹೆಂಗಸರ ಅಳು ಕೇಳಿಸಿತು. ರಾಹೊಳ ರಕ್ತ ನಿಂತಿರಲಿಲ್ಲ. ಬೋಳ ಒತ್ತಿದರು, ಸಕ್ಕರೆ ಒತ್ತಿದರು, ಮೊಟ್ಟೆ ಒಡೆದು ಕಟ್ಟಿದರು. ಕೊನೆಗೆ ಯಾರದೋ ಕಾರು ಹಿಡಿದು ಆಸ್ಪತ್ರೆಗೆ ಹೊರಟರು. ಕಾರು ಸೇತುವೆ ದಾಟುವ ಮೊದಲೇ ಮಗು ಹೋಗಿತ್ತು. ಎಂಟು ವರ್ಷದ ಮಗು, ಬಳೆಯ ಆಸೆಗೆ ಹೊಸ ಲಂಗ ತೊಟ್ಟಿದ್ದ ಮಗು. ಈಗಲೂ ಅದನ್ನು ನೆನೆದರೆ ನನಗೆ ಯಾರ ಮೇಲೆ ಕೂಗಾಡಬೇಕೋ ತಿಳಿಯುವುದಿಲ್ಲ.

ಸಾವಿನ ಮನೆಯಲ್ಲಿ ಕಿನ್ಸಿ ಯಾರನ್ನೂ ಬಯ್ಯಲಿಲ್ಲ. ದಹಬೊಳನ್ನೂ ಬಯ್ಯಲಿಲ್ಲ. "ಅಂಬರೊ ಅಕ್ಕನ ಮಗಳಿಗೆ ಒಳ್ಳೇದಾಯ್ತು, ನನ್ನ ಮಗಳ ಹಣೇಲಿ ಇರ್ಲಿಲ್ಲ" ಎಂದು ಒಂದೇ ಸಮ ಹೇಳುತ್ತಿದ್ದಳು. ಅಂಬರೊ ಅವಳ ಬೆನ್ನಿಗೆ ಕೈ ಆನಿಸಿ ಕೂತಿದ್ದಳು. ಆ ಮಾತನ್ನು ಅಷ್ಟು ಸಲ ಕೇಳಿಸಿಕೊಂಡು ಅವಳು ಹೇಗೆ ಕೂತಳೋ. ಗೋಡೆಗೆ ಹೇಳಿದ್ದರೆ ಗೋಡೆ ಬಿರಿಯುತ್ತಿತ್ತು.

ದಹಬೊ ಅಂದೇ ಚೀಲವನ್ನು ಒಲೆಗೆ ಹಾಕಿದಳು. ಆಮೇಲೆ ಯಾರ ಮನೆಗೂ ಹೋಗಲಿಲ್ಲ, ಹೆರಿಗೆಗೂ ಇಲ್ಲ. ಅವಳು ಬಿಟ್ಟ ಮಾತ್ರಕ್ಕೆ ಶುದ್ಧಿ ನಿಲ್ಲಲಿಲ್ಲ. ಹೊಸ ಹೆಂಗಸರು ಸಿಕ್ಕರು, ಸೂಜಿಮದ್ದು ಕೊಟ್ಟು ಮಾಡುವವರು ಸಿಕ್ಕರು, "ನಮ್ಮದು ಸಣ್ಣದು ಅಷ್ಟೇ, ಹಳೇ ಕಾಲದ್ದಲ್ಲ" ಎನ್ನುವ ಹೊಸ ಮಾತೂ ಸಿಕ್ಕಿತು. ನಡುವೆ ಒಂದು ಸಲ ಆರೋಗ್ಯ ಇಲಾಖೆಯ ಹುಡುಗಿಯರು ಕೇರಿಗೆ ಬಂದು, ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಆಗಿದೆಯೇ ಎಂದು ಬಾಗಿಲು ಬಾಗಿಲು ಕೇಳಿದರು. ಎಲ್ಲರೂ ಆಗಿದೆ ಎಂದೆವು. ಅಂಬರೊ ಕೂಡ ಆಗಿದೆ ಎಂದಳು. ಈ ಕೇರಿಯಲ್ಲಿ ಒಬ್ಬಳೂ ಉಳಿದಿಲ್ಲ ಎಂದು ಅವರು ಕಚೇರಿಗೆ ಹೋಗಿ ಹೇಳಿರಬೇಕು. ಅವರದೇನು ತಪ್ಪು, ಬಾಗಿಲು ಹೇಳಿದ್ದನ್ನು ಬರೆದುಕೊಂಡರು.

ಎರಡು ವರ್ಷ ಕಳೆಯಿತು. ದಹಬೊ ಹಾಸಿಗೆ ಹಿಡಿದಳು. ಅಂಬರೊ ದಿನಾ ಹಾಲು ಒಯ್ದು ಕುಡಿಸುತ್ತಿದ್ದಳು. ಒಂದು ದಿನ ಅಜ್ಜಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನೀನೊಬ್ಬಳೇ ಅಂತ ಅಂದ್ಕೊಂಡಿದ್ದೀಯಾ?"

"ಏನಜ್ಜಿ?"

"ಮೇಕೆ ರಕ್ತ. ನಿನಗಿಂತ ಮುಂಚೆ ಈ ಕೇರೀಲೇ ಮೂರು ಮನೆ. ಅವರೂ ನಿನ್ನ ಹಂಗೇ ಬಾಗ್ಲು ಹಾಕ್ಕೊಂಡು ಬಂದು ಅತ್ರು. ಅವರ ಮಕ್ಕಳಿಗೂ ಆಗಿಲ್ಲ."

ಅಂಬರೊ ಹಾಸಿಗೆಯ ಹತ್ತಿರ ಸರಿದು, "ಯಾವ ಮನೆ ಅಜ್ಜಿ?" ಎಂದಳು.

"ನಿನ್ನ ಹೆಸರನ್ನ ಅವರಿಗೆ ಹೇಳಿದ್ನಾ? ಅವರಿಗೂ ಕುರಾನಿನ ಮೇಲೇ ಆಣೆ ಇಟ್ಟಿದ್ದು."

"ಹೇಳಿದ್ರೆ ಚೆನ್ನಾಗಿತ್ತು. ನಾವು ನಾಲ್ಕು ಮನೆ ಆಗ್ತಿದ್ವಿ. ಕಿನ್ಸೀದು ಐದನೇದು ಆಗ್ತಿತ್ತು."

"ಹೌದು. ಹೇಳಿದ್ರೆ ಚೆನ್ನಾಗಿತ್ತು." ಅಜ್ಜಿ ಕಣ್ಣು ಮುಚ್ಚಿಕೊಂಡಳು. "ಕಿನ್ಸಿ ಕೇಳ್ಲಿಲ್ಲ. ಕೇಳಿದ್ರೆ ಅವಳ ಮನೇಲೂ ಬರೀ ಮೇಕೆ ರಕ್ತವೇ ಬೀಳ್ತಿತ್ತು. ಕೇಳದವರಿಗೆ ಬೇಡ ಅನ್ನೋ ಬಾಯಿ ನನಗಿರ್ಲಿಲ್ಲ, ಅದು ನನ್ನ ಅನ್ನ. ಅವತ್ತು ನೀನು ಹೇಳ್ತೀಯೇನೋ ಅಂತ ನಿನ್ನ ಮುಖ ನೋಡ್ದೆ. ನಾನು ಹೇಳ್ತೀನೇನೋ ಅಂತ ನೀನು ನನ್ನ ಮುಖ ನೋಡ್ದೆ."

ಆ ಶುಕ್ರವಾರ ದಹಬೊ ತೀರಿಕೊಂಡಳು. ಮೂರು ಮನೆಗಳ ಹೆಸರು ಅವಳ ಜೊತೆಯಲ್ಲೇ ಮಣ್ಣಿಗೆ ಹೋಯಿತು.

ಅಷ್ಟರಲ್ಲಿ ಸಗಲ್‌ಗೆ ಏಳು ತುಂಬಿತ್ತು. ಒಂದು ಬೆಳಿಗ್ಗೆ ಹಾಲಿಗೆ ನಿಂತ ಹೆಂಗಸರ ನಡುವೆ ಆ ಮಾತು ಬಂತು. ಮಾತು ತೆಗೆದವಳು ಸೊಪ್ಪು ಮಾರುವ ಬರ್ನಿ.

"ಕಿನ್ಸಿ ಚಿಕ್ಕವಳಿಗೆ ಬೇರೆ ಯಾರನ್ನೋ ಕರೆಸ್ತಾಳಂತೆ. ಪಾಪ, ಹೆದರ್ಕೊಂಡಿದ್ದಾಳೆ. ಆದ್ರೆ ಮಾಡ್ಸದೆ ಬಿಡೋಕಾಗುತ್ತಾ?"

ಅಂಬರೊ ಸೌಟನ್ನು ಡಬ್ಬದ ಮೇಲೆ ಅಡ್ಡ ಇಟ್ಟಳು. "ನನ್ನ ಹಿಬಾಕ್‌ಗೆ ಆಗಿಲ್ಲ" ಎಂದಳು.

"ಹಾಲು ಹಾಕೇ, ಬೆಳಗ್ಗೆ ಬೆಳಗ್ಗೆ ತಮಾಷೆ" ಎಂದು ಬರ್ನಿ ನಕ್ಕಳು.

"ತಮಾಷೆ ಅಲ್ಲ. ಅವತ್ತು ನೀವೆಲ್ಲ ಬಂದು ಹಲ್ವ ತಿಂದ್ರಲ್ಲ, ಅವತ್ತು ಏನೂ ಆಗ್ಲಿಲ್ಲ. ಅದು ಮೇಕೆ ರಕ್ತ. ನನ್ನ ಮಗಳು ಹುಟ್ಟಿದ ಹಾಗೇ ಇದ್ದಾಳೆ, ಚೆನ್ನಾಗಿದ್ದಾಳೆ. ಈ ಕೇರೀಲಿ ಅವಳೊಬ್ಬಳೇ ಅಲ್ಲ, ಇನ್ನೂ ಇದ್ದಾರೆ. ಯಾರು ಅಂತ ನನಗೆ ಗೊತ್ತಿಲ್ಲ. ಇಲ್ಲೇ ನಿಂತಿರಬಹುದು."

ನನ್ನ ಒಲೆಯ ಮೇಲೆ ಚಹಾ ಉಕ್ಕಿ ಸುರಿಯಿತು, ನಾನು ಇಳಿಸಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟು ನೆಲ ನೋಡಿದರು. ಬರ್ನಿಯೇ ಮೊದಲು ಬಾಯಿ ತೆರೆದಳು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಅದು ನಿನಗೇ ಹೇಳಿದ್ದು" ಎಂದು ಪಾತ್ರೆ ಎತ್ತಿಕೊಂಡು ಪಕ್ಕದ ಹಾಲಿನವಳ ಹತ್ತಿರ ಹೋದಳು. ಉಳಿದವರೂ ಹೋದರು. ಆ ದಿನ ಅಂಬರೊಳ ಹಾಲು ಡಬ್ಬದಲ್ಲೇ ಹುಳಿಯಾಯಿತು. ಮರುದಿನವೂ ಹುಳಿಯಾಯಿತು.

ಮನೆಯಲ್ಲಿ ನಡೆದದ್ದು ಕೇರಿಗೇ ಕೇಳಿಸಿತು. ಎಬ್ಯಾನ್ ಎದೆ ಬಡಿದುಕೊಂಡಳು, ಆ ಬಟ್ಟೆಯನ್ನು ನಾನು ಈ ಕೈಯಲ್ಲಿ ತೊಳೆದೆನಲ್ಲಾ ಎಂದು ಅತ್ತಳು. ಮೊಮ್ಮಗಳ ತಲೆಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ನೀನು ಅತ್ತ ಹೋಗುವುದನ್ನೇ ಕಾಯುತ್ತೇನೆ, ಆಮೇಲೆ ಹುಡುಗಿ ನನ್ನ ಕೈಗೆ ಸಿಗುತ್ತಾಳೆ ಎಂದು ಸೊಸೆಗೆ ನೇರವಾಗಿಯೇ ಹೇಳಿದಳು. ಜಾಮಾ ಲಾರಿ ಹತ್ತಿ ಬರ್ಬೆರಾಕ್ಕೆ ಹೋದ, ಹೆಂಗಸರ ವಿಷಯವಲ್ಲವೇ. ಅಂದಿನಿಂದ ಅಂಬರೊ ಮಗಳನ್ನು ಒಂದು ಗಳಿಗೆಯೂ ಮನೆಯಲ್ಲಿ ಬಿಡುವುದಿಲ್ಲ. ಬೆಳಿಗ್ಗೆ ಡಬ್ಬಗಳ ಜೊತೆ ಅವಳನ್ನೂ ಪೇಟೆಗೆ ತರುತ್ತಾಳೆ. ಅಲ್ಲಿಂದ ಶಾಲೆಗೆ ನಾನು ಬಿಟ್ಟು ಬರುತ್ತೇನೆ. ಶಾಲೆಯಲ್ಲಿ ಹುಡುಗಿಯರು ಹಿಬಾಕ್‌ಳ ಪಕ್ಕ ಕೂರುವುದಿಲ್ಲ. "ನನಗೂ ಮಾಡಿಸ್ಬಿಡಮ್ಮ, ಸಾಕು" ಎಂದು ಒಂದು ದಿನ ನನ್ನ ಒಲೆಯ ಮುಂದೆಯೇ ಅತ್ತಳು. ಅಂಬರೊ ಅವಳ ಕಣ್ಣೊರೆಸಿ ಚೀಲ ಹೆಗಲಿಗೆ ಹಾಕಿ ಕಳಿಸಿದಳು. ಹೇಳಬೇಕಾದದ್ದು ಹೇಳಿಯಾಗಿತ್ತು.

ಇಷ್ಟಾದರೂ ಕಿನ್ಸಿ ಬಂದಿರಲಿಲ್ಲ. ನಡುಗೋಡೆಯ ಆಚೆಯಿಂದ ಒಂದು ಕೆಮ್ಮೂ ಕೇಳಿಸಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಪೇಟೆಗೆ ಬಂದಳು. ಪಾತ್ರೆ ಇತ್ತು, ಕೈಯಲ್ಲಿ ಸಗಲ್ ಇದ್ದಳು. ಹಾಲಿನ ಸಾಲಿನವರೆಲ್ಲ ಅತ್ತ ತಿರುಗಿದರು.

"ನಾನು ಕೇಳಿದ್ದು ನಿಜಾನಾ ಅಕ್ಕ?"

"ನಿಜ."

"ಅವತ್ತು ನಿಮ್ಮನೇಲಿ ನಾನು ಕೇಳ್ದಾಗ ನಿಮ್ಮತ್ತೆ ಬಾಗಿಲಲ್ಲಿ ಕೂತಿದ್ರು. ನೀನು ಹೆದರ್ಕೊಂಡೆ. ನಾನಾದ್ರೂ ಹೆದರ್ಕೋತಿದ್ದೆ. ಅದನ್ನ ನಾನು ಬಿಟ್ಟೆ." ಕಿನ್ಸಿಯ ಧ್ವನಿ ಏರಲಿಲ್ಲ. "ವಾರ ಕಳೆದು ನಮ್ಮನೆ ಬಾಗಿಲಿಗೆ ಬಂದ್ಯಲ್ಲ. ಅಲ್ಲಿ ನಿಮ್ಮತ್ತೆ ಇರ್ಲಿಲ್ಲ. ನಾನಿದ್ದೆ. ನನ್ನ ರಾಹೊ ಕಂಬ ಹಿಡ್ಕೊಂಡು ನಿಂತಿದ್ಲು. ನೀನು ಅವಳನ್ನ ನೋಡ್ದೆ. ನೋಡಿ ಹಾಲು ಹಾಕ್ದೆ."

"ಹೌದು ಕಿನ್ಸಿ."

"ಒಂದು ಮಾತು ಸಾಕಿತ್ತು."

"ಹೌದು."

ಅಂಬರೊ ಮಗಳ ಹೆಸರೆತ್ತಲಿಲ್ಲ, ಆಣೆಯ ಹೆಸರೆತ್ತಲಿಲ್ಲ, ಅಳಲಿಲ್ಲ. ಅತ್ತರೆ ಕಿನ್ಸಿಯೇ ಸಮಾಧಾನ ಮಾಡಬೇಕಾಗುತ್ತಿತ್ತು, ಆ ಹೊರೆಯನ್ನೂ ಅಂಬರೊ ಅವಳ ಮೇಲೆ ಹೊರಿಸಲಿಲ್ಲ. ಕಿನ್ಸಿ ಸಾಲಿನ ಕಡೆ ತಿರುಗಿದಳು. ಸೊ‌ಪ್ಪು ಕೊಳ್ಳಲೂ ಇನ್ನೊಬ್ಬರನ್ನು ಕೇಳುತ್ತಿದ್ದವಳು ಅಷ್ಟು ಜನರ ಮುಖ ನೋಡಿ ಹೇಳಿದಳು.

"ಸಗಲ್‌ಗೆ ನಾನು ಮಾಡ್ಸಲ್ಲ. ಮೇಕೇನೂ ಕೊಯ್ಯಲ್ಲ, ಬೋಳಾನೂ ಸುಡಲ್ಲ. ಯಾರು ಬೇಕಾದ್ರೂ ಬಂದು ಕೇಳ್ಲಿ, ಬಾಗ್ಲು ತೆಗೆದೇ ಇಟ್ಟು ಹೇಳ್ತೀನಿ."

ಯಾರೂ ಉತ್ತರ ಕೊಡಲಿಲ್ಲ. ಆ ಮೂರು ಮನೆಯವರು ಅಲ್ಲಿದ್ದರೋ ಇಲ್ಲವೋ, ಇದ್ದರೆ ಅವರೂ ಕೊಡಲಿಲ್ಲ. ಇವತ್ತಿನವರೆಗೂ ಕೊಟ್ಟಿಲ್ಲ.

ಕಿನ್ಸಿ ಮತ್ತೆ ಅಂಬರೊಳ ಕಡೆ ತಿರುಗಿ ಪಾತ್ರೆಯನ್ನು ಕೆಳಗಿಟ್ಟಳು. ಅಂಬರೊ ಸೌಟು ಎತ್ತಿದಳು. ಕಿನ್ಸಿ, "ತಡಿ" ಎಂದು ಕೈ ಮುಂದೆ ಮಾಡಿದಳು. ಹೆಬ್ಬೆರಳ ಉಗುರನ್ನು ಮೇಲಕ್ಕೆ ಹಿಡಿದಿದ್ದಳು.

ಅಂಬರೊ ಒಂದು ತೊಟ್ಟು ಬಿಟ್ಟಳು. ಅದು ಜಾರಲಿಲ್ಲ. ಕಿನ್ಸಿ ಅದನ್ನು ಸುಮಾರು ಹೊತ್ತು ನೋಡಿ, ಸೆರಗಿಗೆ ಒರೆಸಿಕೊಂಡು, "ಹಾಕು" ಎಂದಳು.

ಈಗ ದಿನಾ ಬರುತ್ತಾಳೆ. ದಿನಾ ಉಗುರು ಚಾಚುತ್ತಾಳೆ. ಅವಳು ನೋಡಿ ಮುಗಿಸುವ ತನಕ ಅಂಬರೊ ಸೌಟು ಹಿಡಿದು ಕಾಯುತ್ತಾಳೆ.